ನಿಮ್ಮ ಚಿಕ್ಕಪ್ಪ ಪಾಸ್ ಹೇಳಿದ್ದೇ ಸರಿ

ನಮಸ್ಕಾರ,

ನೀವು ಕಳಿಸಿದ ‘ಬ್ರಿಡ್ಜ್ ಆಟದಲ್ಲಿ ಫೋರ್ಸಿಂಗ್ ಬಿಡ್: 14 ನಿಯಮಗಳು’ ಬರಹವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಮೂರನೇ ಪುಟದಲ್ಲಿ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟ ಪೂರ್ತಿ ಕಕ್ಕಡದ ಮಳೆ, ಮಂಜು, ಮದ್ದು ಸೊಪ್ಪಿನ ಪಾಯಸ. ನಮ್ಮ ಓದುಗರು ಕೊಡಗಿನವರು. ಮಳೆ ಹೇಗಿರುತ್ತದೆ ಅಂತ ಅವರಿಗೆ ನಾವು ಹೇಳಿಕೊಡಬೇಕಾ? ಮೂರು ದಿನದಿಂದ ಕರೆಂಟ್ ಇರಲಿಲ್ಲ, ವಿರಾಜಪೇಟೆಯ ಮನೆಯಲ್ಲಿ ನಾಲ್ಕು ಜನ ಮೇಣದಬತ್ತಿ ಹಚ್ಚಿಕೊಂಡು ಎಲೆ ಹಾಕುತ್ತಿದ್ದರು. ಅಷ್ಟು ಸಾಕು. ಉಳಿದದ್ದನ್ನು ಹೊಡೆದುಹಾಕಿ.

ಆಮೇಲೆ ಆ 14 ನಿಯಮಗಳು. ಎಲೆ ಹಾಕುವ ಮೊದಲು ಇಷ್ಟು ಟ್ರಿಕ್ (ಒಂದೊಂದು ಸುತ್ತಿನ ಎಲೆ) ಗೆಲ್ಲುತ್ತೇವೆ ಅಂತ ಕೂಗುವುದು ಬಿಡ್, ಕೂಗದೆ ಬಿಡುವುದು ಪಾಸ್; ಜೊತೆಗಾರ ಪಾಸ್ ಹೇಳಬಾರದ ಬಿಡ್ಡೇ ಫೋರ್ಸಿಂಗ್ ಅಂತ ಒಂದು ಸಾಲು ಬರೆದು, ನೇರ ಪಟ್ಟಿಗೆ ಇಳಿದಿದ್ದೀರಿ. ಹೊಸ ಸೂಟ್ (ಇಸ್ಪೀಟು, ಆಟೀನು, ಡೈಮಂಡ್, ಕಳಾವರ್‌ಗಳಲ್ಲಿ ಇನ್ನೂ ಹೇಳದ್ದು) ಫೋರ್ಸಿಂಗ್, ನೋ ಟ್ರಂಪ್ (ತುರುಪು ಇಲ್ಲದ ಆಟ) ಅಲ್ಲ, ಜೊತೆಗಾರನ ಸೂಟನ್ನೇ ಏರಿಸಿದರೆ ಅಲ್ಲ. ಯಾಕೆ ಅಂತ ಮಾತ್ರ ಎಲ್ಲೂ ಇಲ್ಲ. ಕಾರಣ ಗೊತ್ತಿದ್ದರೆ ಅರ್ಧ ಪಟ್ಟಿ ಬೇಕಾಗುವುದೇ ಇಲ್ಲ. ನೀವು ಒಂದು ಡೈಮಂಡ್ ಅಂದಿರಿ, ಎದುರಿಗೆ ಕೂತ ಜೊತೆಗಾರರು ಒಂದು ಇಸ್ಪೀಟು ಅಂದರು. ಅವರ ಹತ್ತಿರ 6 ಪಾಯಿಂಟೂ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1) ಇರಬಹುದು, 16 ಕೂಡ ಇರಬಹುದು. ಮೇಲಿನ ಮಿತಿ ಹೇಳೇ ಇಲ್ಲ. ಅದಕ್ಕೇ ನೀವು ಪಾಸ್ ಹೇಳುವ ಹಾಗಿಲ್ಲ. ಅದೇ ಅವರು ಒಂದು ನೋ ಟ್ರಂಪ್ ಅಂದಿದ್ದರೆ ತಮ್ಮ ಕೈ ಎಷ್ಟು ದೊಡ್ಡದು ಅಂತ ಹೇಳಿ ಮುಗಿಸಿದ ಹಾಗೆ. ಇನ್ನು ಲೆಕ್ಕ ಹಾಕುವ ಕೆಲಸ ನಿಮ್ಮದು, ಸಾಕು ಅನಿಸಿದರೆ ನಿಲ್ಲಿಸಬಹುದು.

ಅದೇ ಒಂದು ಇಸ್ಪೀಟನ್ನು ಮೊದಲ ಸುತ್ತಿನಲ್ಲಿ ಪಾಸ್ ಹೇಳಿದ್ದವರು ಹೇಳಿದರೆ? ಆಗ ಫೋರ್ಸಿಂಗ್ ಅಲ್ಲ. ಅವರ ಹತ್ತಿರ ಆಟ ಶುರು ಮಾಡುವಷ್ಟು ಬಲ ಇಲ್ಲ ಅಂತ ಆಗಲೇ ಗೊತ್ತಾಗಿದೆ. ಮಾತು ಅದೇ, ಅರ್ಥ ಬೇರೆ. ನಿಮ್ಮ ಪಟ್ಟಿಯಲ್ಲಿ ಇದು ಇಲ್ಲವೇ ಇಲ್ಲ.

ಈಗ ಮೂರನೇ ಪುಟಕ್ಕೆ ಬರೋಣ. ನಿಮ್ಮ ಕೈಯಲ್ಲಿ 19 ಪಾಯಿಂಟ್. ಒಂದು ಡೈಮಂಡ್ ಅಂದಿರಿ, ಚಿಕ್ಕಪ್ಪ ಒಂದು ಇಸ್ಪೀಟು ಅಂದರು, ನೀವು ಎರಡು ಕಳಾವರ್ ಅಂದಿರಿ, ಅವರು ಪಾಸ್. ಎರಡು ಅಂದರೆ ಆರರ ಮೇಲೆ ಎರಡು; ಎಂಟು ಟ್ರಿಕ್ ಗೆದ್ದರೆ ಸಾಕಿದ್ದ ಕಡೆ ಹನ್ನೊಂದು ಗೆದ್ದಿರಿ. ಐದು ಕಳಾವರ್ ಆಡಿದ್ದರೆ 400 ಬರಬೇಕಿತ್ತು, ಬಂದದ್ದು 150. ಕೋಪ ಬಂದು ಎಲೆ ಮೇಜಿನ ಮೇಲೆ ಬಿಸಾಕಿದಿರಿ. ಚಿಕ್ಕಪ್ಪ ಏನೂ ಮಾತಾಡದೆ ಬತ್ತಿಯ ಕರಿ ತೆಗೆದರು. ಇಡೀ ಬರಹದಲ್ಲಿ ನನಗೆ ತುಂಬಾ ಇಷ್ಟವಾದ ಸಾಲು ಅದು.

ಆದರೆ ಅದರ ಮುಂದೆಯೇ ‘ಚಿಕ್ಕಪ್ಪನಿಗೆ ಫೋರ್ಸಿಂಗ್ ಅಂದರೆ ಏನು ಅಂತ ಗೊತ್ತಿಲ್ಲ’ ಅಂತ ಬರೆದಿದ್ದೀರಿ. ಸುಮ್ನೆ ಬಾಯಿಗೆ ಬಂದದ್ದು ಹೇಳುತ್ತಿಲ್ಲ, ನೀವೇ ಕೊಟ್ಟ ಎಲೆ ನೋಡಿ ಹೇಳುತ್ತಿದ್ದೇನೆ: ಅವರಿಗೆ ಗೊತ್ತಿದೆ, ನಿಮಗೇ ಗೊತ್ತಿಲ್ಲ. ಅವರ ಹತ್ತಿರ ಇದ್ದದ್ದು ಇಸ್ಪೀಟು ರಾಜ, ಗುಲಾಮ, ಆಟೀನು ರಾಣಿ. ಒಟ್ಟು 6. ಕಳಾವರ್ ಮೂರು, ಡೈಮಂಡ್ ಒಂದೇ ಒಂದು. ಆಟ ಶುರು ಮಾಡಿದವರು ಎರಡನೇ ಸಲ ಹೀಗೆ ಮೊದಲು ಹೇಳಿದ್ದಕ್ಕಿಂತ ಕೆಳದರ್ಜೆಯ ಸೂಟನ್ನು ಸುಮ್ಮನೆ ಹೇಳಿದರೆ ಅದು ಫೋರ್ಸಿಂಗ್ ಅಲ್ಲ. 12 ಪಾಯಿಂಟ್ ಇದ್ದರೂ ಹಾಗೇ ಹೇಳುತ್ತಾರೆ. 19 ಇದ್ದಾಗ ನೀವು ಮೂರು ಕಳಾವರ್‌ಗೆ ಹಾರಬೇಕಿತ್ತು. ಆಗ ಚಿಕ್ಕಪ್ಪ ಗೇಮ್, ಅಂದರೆ ದೊಡ್ಡ ಬೋನಸ್ ಸಿಗುವ ಬಿಡ್, ಮುಟ್ಟುವ ತನಕ ಬಿಡುತ್ತಿರಲಿಲ್ಲ. ಅವರ ಕೈಯೇ ಗಟ್ಟಿ ಇದ್ದಿದ್ದರೆ ಎರಡು ಆಟೀನು ಅಂತಿದ್ದರು, ಉಳಿದಿದ್ದ ನಾಲ್ಕನೇ ಸೂಟ್ ಅದು. ಅದನ್ನು ಫೋರ್ಸಿಂಗ್ ಅಂತಲೇ ಬಳಸುವವರು ಜಾಸ್ತಿ. ಎರಡನ್ನೂ ಯಾರೂ ಹೇಳಲಿಲ್ಲ.

ಹಾಗಾಗಿ ಲೇಖನವನ್ನು ಅಲ್ಲಿಂದಲೇ ಶುರು ಮಾಡಿ, ತಪ್ಪನ್ನು ನಿಮ್ಮ ಮೇಲೆ ಹಾಕಿಕೊಂಡು. ಕಷ್ಟ, ಗೊತ್ತು. ಆದರೆ ತನಗೆ ಎಲ್ಲಾ ಗೊತ್ತು ಅಂತ ನಿಯಮ ಹೇಳುವವನ ಮಾತು ಯಾರು ಓದುತ್ತಾರೆ? ಎಲೆ ಬಿಸಾಕಿ, ಆಮೇಲೆ ಯೋಚನೆ ಮಾಡಿದವನದ್ದಾದರೆ ನಾನಂತೂ ಓದುತ್ತೇನೆ.

ಇನ್ನೊಂದು ತಪ್ಪು ದೊಡ್ಡದು. ಫೋರ್ಸಿಂಗ್ ಬಿಡ್‌ಗೆ ಪಾಸ್ ಹೇಳಿದರೆ ಟೂರ್ನಮೆಂಟ್‌ನಲ್ಲಿ ದಂಡ ಹಾಕುತ್ತಾರೆ ಅಂತ ಬರೆದಿದ್ದೀರಿ. ಇಲ್ಲ. ಆಟದ ಕಾನೂನಿನಲ್ಲಿ ಹಾಗೆ ಎಲ್ಲೂ ಇಲ್ಲ. ಅದು ಜೊತೆಗಾರರಿಬ್ಬರು ಮೊದಲೇ ಮಾಡಿಕೊಂಡ ಒಪ್ಪಂದ, ಅಷ್ಟೇ. ಆ ಒಪ್ಪಂದವನ್ನು ಎದುರಾಳಿಗಳಿಂದ ಮುಚ್ಚಿಡಬಾರದು ಅನ್ನುವುದು ಕಾನೂನು. ಒಪ್ಪಂದ ಮುರಿದರೆ ದಂಡ ಇಲ್ಲ, ಜೊತೆಗಾರನ ಮುಖ ನೋಡಬೇಕು, ಅದೇ ಶಿಕ್ಷೆ.

ಒಪ್ಪಂದ ಆದ್ದರಿಂದಲೇ ಅದು ಮನೆಯಿಂದ ಮನೆಗೆ ಬದಲಾಗುತ್ತದೆ. ಒಂದು ಆಟೀನಿಗೆ ಮೂರು ಆಟೀನು ಅಂದರೆ ಫೋರ್ಸಿಂಗ್ ಅಂತ ನಿಮ್ಮ ಒಂಬತ್ತನೇ ನಿಯಮ. ಬ್ರಿಡ್ಜ್ ಪುಸ್ತಕ ಬರೆದ ಅಮೆರಿಕದ ಚಾರ್ಲ್ಸ್ ಗೊರೆನ್ ಕಾಲದಲ್ಲಿ ಹೌದು. ಲಂಡನ್ನಿನಲ್ಲಿ ಹುಟ್ಟಿದ ಏಕೋಲ್ ಪದ್ಧತಿಯಲ್ಲಿ ಅಲ್ಲ, ಈಗ ಹೆಚ್ಚಿನ ಕಡೆ ಅಲ್ಲ. ಒಂದು ಕಳಾವರ್ ಅನ್ನುವುದು ಕೂಡ ಹಾಗೇ. ಸಾಮಾನ್ಯ ಪದ್ಧತಿಯಲ್ಲಿ ಪಾಸ್ ಹೇಳಬಹುದು. ಪ್ರಿಸಿಷನ್ ಅನ್ನುವ ಪದ್ಧತಿ ಆಡುವವರ ಜೊತೆ ಹೇಳಿದರೆ ಕೆಟ್ಟಿತು, ಅಲ್ಲಿ ಅದು 16ಕ್ಕಿಂತ ಕಮ್ಮಿ ಇಲ್ಲದ ಕೈ. ಯಾವ ಪದ್ಧತಿ ಅಂತ ಹೇಳದೆ ‘ನಿಯಮ’ ಅಂತ ಬರೆದರೆ ಓದಿದವರು ಮನೆಯಲ್ಲಿ ಜಗಳ ಆಡುತ್ತಾರೆ.

ನಮ್ಮ ಕಡೆ ಇಪ್ಪತ್ತೆಂಟು ಅನ್ನುವ ಎಲೆಯಾಟ ಆಡಿದವರು ಬೇಕಾದಷ್ಟು ಜನ ಇದ್ದಾರೆ. ಅವರನ್ನು ಬ್ರಿಡ್ಜ್‌ಗೆ ಕರೆತರಲು ಅದೇ ಒಳ್ಳೆಯ ದಾರಿ. ಅಲ್ಲಿ ಬಿಡ್ ಅಂದರೆ ಇಷ್ಟು ಪಾಯಿಂಟ್ ತೆಗೆಯುತ್ತೇನೆ ಅನ್ನುವ ಸವಾಲು. ಬ್ರಿಡ್ಜ್‌ನಲ್ಲಿ ಸವಾಲೂ ಹೌದು, ಜೊತೆಗೆ ಎದುರಿಗೆ ಕೂತವರ ಜೊತೆ ಮಾತುಕತೆ ಕೂಡ. ಇದನ್ನು ಎರಡು ಸಾಲಿನಲ್ಲಿ ಸೇರಿಸಿ. ‘ಸ್ಪೇಡ್ಸ್’, ‘ಹಾರ್ಟ್ಸ್’ ತೆಗೆದು ಇಸ್ಪೀಟು, ಆಟೀನು ಅಂತಲೇ ಬರೆಯಿರಿ. ಚಿಕ್ಕಪ್ಪ ಹಾಗೇ ಅಂತಾರೆ ಅಲ್ವಾ?

ಕಾಫಿ ಕೊಯ್ಲು ಮುಗಿದ ಮೇಲೆ ಕಳಿಸಿದರೂ ಪರವಾಗಿಲ್ಲ, 600 ಪದ ದಾಟಬೇಡಿ. ಕಳಿಸುವ ಮೊದಲು ಐದನೇ ಉದಾಹರಣೆಯ ಎಲೆಗಳನ್ನು ಇನ್ನೊಮ್ಮೆ ಎಣಿಸಿ. ಇಡೀ ಕಟ್ಟಿನಲ್ಲಿ ಇರುವುದೇ 40 ಪಾಯಿಂಟ್, ನಿಮ್ಮ ನಾಲ್ಕು ಕೈ ಕೂಡಿಸಿದರೆ 42 ಬರುತ್ತದೆ. ಕಳಾವರ್ ರಾಣಿ ಇಬ್ಬರ ಹತ್ತಿರ ಇದ್ದಾಳೆ.

ಇಂತಿ,
ಸಂಪಾದಕ, ಮಡಿಕೇರಿ