ಪ್ಲಗ್ ಕಾಯುತ್ತದೆ, ಹಂಚು ಕಾಯುವುದಿಲ್ಲ

ಪ್ರಶ್ನೆ: ನಾವು 2000 ವ್ಯಾಟ್‌ನ ಇಂಡಕ್ಷನ್ ಒಲೆ ತಂದು ಮೂರು ತಿಂಗಳಾಯಿತು. ಮಿಕ್ಸರ್‌ಗೆಂದು ಹಾಕಿಸಿದ ಸಾಕೆಟ್ಟಿಗೆ ಎಕ್ಸ್‌ಟೆನ್ಷನ್ ಬೋರ್ಡ್ ಜೋಡಿಸಿ ನಡೆಸುತ್ತಿದ್ದೇವೆ. ಅರ್ಧ ತಾಸಿನಲ್ಲಿ ಪ್ಲಗ್ ಮುಟ್ಟಲಾರದಷ್ಟು ಬಿಸಿಯಾಗುತ್ತದೆ. ರೊಟ್ಟಿ ಹಂಚು ಇಟ್ಟರೆ ನಡುವೆ ಮಾತ್ರ ಕಾದು, ರೊಟ್ಟಿಯ ಅಂಚು ಹಸಿಯಾಗಿಯೇ ಉಳಿಯುತ್ತದೆ. ಒಲೆಯಲ್ಲಿ ದೋಷವಿದೆಯೇ?
– ಓದುಗರೊಬ್ಬರು, ಬೆಟಗೇರಿ, ಗದಗ

ಉತ್ತರ: ನೀವು ಬರೆದದ್ದನ್ನು ನೋಡಿದರೆ ದೋಷ ಒಲೆಯದಲ್ಲ. ಸಾಕೆಟ್ ಬದಲಾಗುವವರೆಗೆ ದಯವಿಟ್ಟು ಅದನ್ನು ಹಚ್ಚಬೇಡಿ. 2000 ವ್ಯಾಟ್‌ನ ಒಲೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ವಿದ್ಯುತ್ ಎಳೆಯುತ್ತದೆ; ಮಿಕ್ಸರ್‌ಗೆ ಹಾಕುವ ಸಾಕೆಟ್ ಸಾಮಾನ್ಯವಾಗಿ 6 ಆಂಪಿಯರಿನದು. ಮಿಕ್ಸರ್ ಐದು ನಿಮಿಷ ತಿರುಗಿ ನಿಲ್ಲುತ್ತದೆ, ಒಲೆಯಾದರೋ ಅನ್ನ, ಬೇಳೆ, ಪಲ್ಯ ಮುಗಿಯುವವರೆಗೂ ನಡೆಯುತ್ತಲೇ ಇರುತ್ತದೆ. ಹೀಗೆ ಕಾದ ಸಾಕೆಟ್ಟಿನೊಳಗೆ ಪಿನ್ನಿನ ಹಿಡಿತ ಸಡಿಲಾಗುತ್ತದೆ, ಸಡಿಲಾದ ಜಾಗ ಮತ್ತಷ್ಟು ಕಾಯುತ್ತದೆ, ಬೆಂಕಿ ಹುಟ್ಟುವುದು ಅಲ್ಲಿಯೇ. ಪಿನ್ನಿನ ಸುತ್ತಲಿನ ಬಿಳಿ ಪ್ಲಾಸ್ಟಿಕ್ ಹಳದಿಯಾಗಿದ್ದರೆ ಅಥವಾ ಸುಟ್ಟ ವಾಸನೆ ಬರುತ್ತಿದ್ದರೆ ಆ ಸಾಕೆಟ್ಟನ್ನು ಮತ್ತೆ ಬಳಸಲೇಬಾರದು. ತಿಳಿದ ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಮೇನ್ ಬೋರ್ಡಿನಿಂದ ಬೇರೆಯಾಗಿ 2.5 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರದ ವೈರು ಎಳೆಸಿ, ಅರ್ಥಿಂಗ್ ಸಹಿತ 16 ಆಂಪಿಯರಿನ ಸಾಕೆಟ್ ಹಾಕಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ.

ಇನ್ನು ಹಂಚು. ಗಾಜಿನ ಕೆಳಗಿರುವ ಸುರುಳಿಯ ಕಾಂತಕ್ಷೇತ್ರವು ಪಾತ್ರೆಯ ತಳದಲ್ಲಿಯೇ ಶಾಖ ಹುಟ್ಟಿಸುವುದರಿಂದ, ಅಯಸ್ಕಾಂತ ಅಂಟುವ ಸಪಾಟಾದ ತಳವಿದ್ದರೆ ಮಾತ್ರ ಅಡುಗೆ ಸರಿಯಾಗುತ್ತದೆ. ನಿಮ್ಮ ಹಂಚು ಕಬ್ಬಿಣದ್ದೇ ಇರಬಹುದು, ಆದರೆ ಅದರ ತಳ ಬಾಗಿದ್ದರೆ ಗಾಜಿಗೆ ತಾಗುವುದು ನಡುಭಾಗವಷ್ಟೇ. ಸಪಾಟಾದ ದಪ್ಪ ಬೀಡಿನ ತವೆಯನ್ನು ನಡುಮಟ್ಟದ ಶಾಖದಲ್ಲಿ ನಾಲ್ಕೈದು ನಿಮಿಷ ಕಾಯಿಸಿ, ಅಂಚಿಗೂ ಬಿಸಿ ಹರಡಿದ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ತಿರುವಿದ ನಂತರ ಬಟ್ಟೆಯ ಉಂಡೆಯಿಂದ ಒತ್ತುತ್ತ ಉಬ್ಬಿಸಬಹುದು. ಆದರೂ ಜೋಳದ ರೊಟ್ಟಿಗೆ ಉರಿಯ ಮೇಲೆ ಬರುವ ಹದ ಇದರಲ್ಲಿ ಬಾರದು. ಮನೆಯಲ್ಲಿ ಗ್ಯಾಸ್ ಇದ್ದರೆ ರೊಟ್ಟಿಯನ್ನು ಅದರ ಮೇಲೆಯೇ ಬೇಯಿಸಿ, ಹಾಲು, ಚಹಾ, ಅನ್ನಕ್ಕೆ ಇಂಡಕ್ಷನ್ ಬಳಸಿ ಎಂಬುದು ನನ್ನ ಸಲಹೆ.

ಅಡುಗೆ ಮುಗಿದ ಕೂಡಲೇ ಪ್ಲಗ್ ಕೀಳದೆ, ಒಳಗಿನ ಫ್ಯಾನ್ ತಾನಾಗಿ ನಿಲ್ಲುವವರೆಗೆ ಕಾಯಿರಿ. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಒಲೆ ಹಚ್ಚಬೇಡಿ, ಉಕ್ಕಿದ ಹಾಲು ಅದರಿಂದ ಒಳಗಿಳಿದರೆ ಶಾಕ್ ಹೊಡೆಯುವ ಅಪಾಯವಿದೆ. ಮನೆಯ ಹಿರಿಯರಿಗೆ ಪೇಸ್‌ಮೇಕರ್ ಅಳವಡಿಸಿದ್ದರೆ, ಒಲೆ ಹಚ್ಚಿರುವಾಗ ಅವರು ಅದರಿಂದ ಕನಿಷ್ಠ ಎರಡು ಅಡಿ ದೂರವಿರಲಿ, ತಮ್ಮ ವೈದ್ಯರನ್ನೂ ಒಮ್ಮೆ ಕೇಳಲಿ.