ಅಮೆರಿಕದಲ್ಲಿ ರಾಜಕೀಯವಾಗಿ ಸಕ್ರಿಯರಾದ ಕಪ್ಪು, ಲ್ಯಾಟಿನೊ, ದಕ್ಷಿಣ ಏಷ್ಯಾ ಮೂಲದ ಯುವಜನರಿಗೆ ಆನ್‌ಲೈನ್ ನೆಲೆ: ಡಿಸ್ಕಾರ್ಡ್ ಸಾಕೇ, ಸ್ವಂತ ಆ್ಯಪ್ ಬೇಕೇ?

ಹೈಸ್ಕೂಲು ಮತ್ತು ಕಾಲೇಜಿನ ಮೊದಲ ವರ್ಷಗಳಲ್ಲಿದ್ದು, ಮೆರವಣಿಗೆ, ಮತದಾರರ ನೋಂದಣಿ, ಶಾಲಾ ಮಂಡಳಿಯ ಸಭೆ ಎಂದು ಓಡಾಡುವ ಯುವಜನರು ಒಬ್ಬರಿಗೊಬ್ಬರು ಆಸರೆಯಾಗುವಂಥ ನೆಲೆಯೊಂದನ್ನು ಕಟ್ಟಲು ಯಾವ ಆ್ಯಪ್ ಸೂಕ್ತ ಎಂದು ಕೇಳಿದ್ದೀರಿ. ಸಾಫ್ಟ್‌ವೇರ್ ವೃತ್ತಿಯಲ್ಲಿದ್ದುಕೊಂಡು, ಬಿಡುವಿನಲ್ಲಿ ಇಂಥದೇ ಒಂದು ಯುವಗುಂಪಿನ ತಾಂತ್ರಿಕ ಕೆಲಸವನ್ನು ನೋಡಿಕೊಳ್ಳುವವಳಾಗಿ ಹೇಳುವುದಾದರೆ, ಸ್ವಂತ ಆ್ಯಪ್ ಬೇಡ. ಅದಕ್ಕೆ ತಗಲುವ ಹಣವನ್ನು ಆ ನೆಲೆಯನ್ನು ನಡೆಸುವ ಮನುಷ್ಯರಿಗೆ ಕೊಡಿ. ಆದರೆ ಆ್ಯಪ್ ಆರಿಸುವುದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ: ಅಲ್ಲಿ ಆಡಿದ ಮಾತು ಎಷ್ಟು ದಿನ ಉಳಿಯಬೇಕು, ಯಾರ ಕೈಗೆ ಸಿಗಬಾರದು?

ಈ ಪ್ರಶ್ನೆಯನ್ನು ಮುಂದಿಡಲು ಕಾರಣವಿದೆ. ಈ ತಲೆಮಾರಿನ ರಾಜಕೀಯ ಬೆಳೆದದ್ದೇ ಸಾಮಾಜಿಕ ಜಾಲತಾಣಗಳಲ್ಲಿ. ಟ್ರೇವಾನ್ ಮಾರ್ಟಿನ್ ಎಂಬ ಕಪ್ಪು ಹುಡುಗನ ಹತ್ಯೆಯ ಪ್ರಕರಣದಲ್ಲಿ ಆರೋಪಿ ಖುಲಾಸೆಯಾದ 2013ರಲ್ಲಿ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಒಂದು ಹ್ಯಾಷ್‌ಟ್ಯಾಗ್ ಆಗಿ ಹುಟ್ಟಿತು. 2020ರಲ್ಲಿ ಮಿನ್ಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸಾವನ್ನು ಜಗತ್ತಿಗೆ ತೋರಿಸಿದ್ದು 17 ವರ್ಷದ ಹುಡುಗಿಯೊಬ್ಬಳ ಫೋನು. ಆದರೆ ಇದೇ ಜಾಲತಾಣಗಳು ಕಾವಲುಗೋಪುರಗಳೂ ಆಗಿದ್ದವು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ಟ್ವಿಟರ್‌ಗಳು ಒದಗಿಸುತ್ತಿದ್ದ ಮಾಹಿತಿಯನ್ನು ಬಳಸಿ ಜಿಯೊಫೀಡಿಯಾ ಎಂಬ ಕಂಪನಿಯು ಪ್ರತಿಭಟನಾಕಾರರ ಮೇಲೆ ಕಣ್ಣಿಡುವ ಸಾಧನವನ್ನು ಪೊಲೀಸರಿಗೆ ಮಾರುತ್ತಿತ್ತೆಂಬುದನ್ನು ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯುನ ಉತ್ತರ ಕ್ಯಾಲಿಫೋರ್ನಿಯಾ ಶಾಖೆ 2016ರ ಅಕ್ಟೋಬರ್‌ನಲ್ಲಿ ಬಯಲಿಗೆಳೆಯಿತು. ಅಪಾಯ ಪೊಲೀಸರಿಂದ ಮಾತ್ರವೂ ಅಲ್ಲ. 2016ರ ಚುನಾವಣೆಯ ಸಮಯದಲ್ಲಿ ನಕಲಿ ಖಾತೆಗಳ ಮೂಲಕ ಪ್ರಚಾರ ನಡೆಸುತ್ತಿದ್ದ ರಷ್ಯಾದ ಇಂಟರ್‌ನೆಟ್ ರಿಸರ್ಚ್ ಏಜೆನ್ಸಿ ಬೇರೆ ಯಾವ ಸಮುದಾಯಕ್ಕಿಂತಲೂ ಹೆಚ್ಚಾಗಿ ಆಫ್ರಿಕನ್ ಅಮೆರಿಕನ್ನರನ್ನೇ ಗುರಿಯಾಗಿಸಿಕೊಂಡಿತ್ತೆಂದು ಸೆನೆಟ್‌ನ ಗುಪ್ತಚರ ಸಮಿತಿ ವರದಿ ಮಾಡಿದೆ. ಅದು ನಡೆಸುತ್ತಿದ್ದ ‘ಬ್ಲ್ಯಾಕ್‌ಟಿವಿಸ್ಟ್’ ಎಂಬ ನಕಲಿ ಪುಟವನ್ನು ಎಷ್ಟೋ ಜನ ತಮ್ಮವರದೆಂದೇ ನಂಬಿದ್ದರು. ಆದ್ದರಿಂದ ಲಿಂಕ್ ಸಿಕ್ಕವರೆಲ್ಲ ಒಳಬರಬಹುದಾದ ಗುಂಪನ್ನು ಮಾಡಬೇಡಿ. ಈಗಿರುವ ಸದಸ್ಯರೊಬ್ಬರು ಮುಖತಃ ಬಲ್ಲವರನ್ನು ಮಾತ್ರ ಸೇರಿಸಿಕೊಳ್ಳಿ. ಗುಂಪು ನಿಧಾನವಾಗಿ ಬೆಳೆದರೆ ನಷ್ಟವೇನೂ ಇಲ್ಲ.

ಇಟ್ಟುಕೊಳ್ಳದ ಮಾಹಿತಿಯನ್ನು ಯಾರೂ ಕೇಳಿ ಪಡೆಯಲಾರರು. 2016ರಲ್ಲಿ ವರ್ಜೀನಿಯಾದ ಗ್ರ್ಯಾಂಡ್ ಜ್ಯೂರಿಯೊಂದು (ಆರೋಪ ಹೊರಿಸಬೇಕೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿ) ಸಂದೇಶ ಕಳಿಸುವ ಸಿಗ್ನಲ್ ಆ್ಯಪ್‌ನವರಿಗೆ ಸಮನ್ಸ್ ಕಳಿಸಿದಾಗ, ಖಾತೆ ತೆರೆದ ಸಮಯ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ ಇವೆರಡನ್ನು ಬಿಟ್ಟು ಕೊಡಲು ಅವರ ಬಳಿ ಏನೂ ಇರಲಿಲ್ಲ. ಗುಂಪು ಹರಟೆಯ ಆ್ಯಪ್ ಆದ ಡಿಸ್ಕಾರ್ಡ್‌ನ ಪಠ್ಯ ಸಂದೇಶಗಳಿಗೆ ಅಂಥ ರಕ್ಷಣೆ ಇಲ್ಲ; ಅವನ್ನು ಕಂಪನಿಯೇ ಓದಬಲ್ಲದು. ಹಾಗಾಗಿ ಸಭೆಯ ವೇಳೆ, ಹೋಂವರ್ಕ್, ಹರಟೆಗಳಿಗೆ ಡಿಸ್ಕಾರ್ಡ್ ಇರಲಿ. ಮನೆಯಲ್ಲಿ ವಲಸೆಯ ಕಾಗದಪತ್ರ ಸರಿಯಿಲ್ಲದವರ ವಿಷಯ, ಬಂಧನ, ಬೆದರಿಕೆಗಳಂಥ ಮಾತುಗಳು ತಾನಾಗಿ ಅಳಿಸಿಹೋಗುವ ಸಂದೇಶಗಳುಳ್ಳ ಸಿಗ್ನಲ್‌ನ ಸಣ್ಣ ಗುಂಪುಗಳಲ್ಲಿ ನಡೆಯಲಿ. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದರೆ ಇದಾವುದೂ ಕಾಪಾಡದು ಎಂಬುದನ್ನು ಮೊದಲ ದಿನವೇ ಹೇಳಿ.

ಇನ್ನು ನಿರ್ವಹಣೆ. ಬೈಗುಳ ಹಿಡಿಯುವ ಯಂತ್ರವನ್ನು ನೆಚ್ಚಿಕೊಳ್ಳಬೇಡಿ. ಇಂಥ ವ್ಯವಸ್ಥೆಗಳು ಆಫ್ರಿಕನ್ ಅಮೆರಿಕನ್ ಇಂಗ್ಲಿಷಿನಲ್ಲಿ ಬರೆದ ಸಾಮಾನ್ಯ ಮಾತನ್ನೂ ಹೆಚ್ಚಾಗಿ ನಿಂದನೆಯೆಂದೇ ಗುರುತಿಸುತ್ತವೆ ಎಂದು 2019ರ ಒಂದು ಅಧ್ಯಯನ ತೋರಿಸಿತು; ಹೊರಗೆಲ್ಲ ತಪ್ಪಾಗಿ ಕೇಳಿಸಿಕೊಳ್ಳಲ್ಪಡುವ ಹುಡುಗರನ್ನು ಅವರಿಗೆಂದೇ ಕಟ್ಟಿದ ಜಾಗದಲ್ಲೂ ಬಾಯಿ ಮುಚ್ಚಿಸಿದರೆ ಅವರು ಮರಳಿ ಬರುವುದಿಲ್ಲ. ಗುಂಪಿನ ಮಾತುಕತೆಯ ಮೇಲೆ ನಿಗಾ ಇಡುವ ಮಾಡರೇಟರ್‌ಗಳು ಆ ಸಮುದಾಯಗಳ ಇಪ್ಪತ್ತರ ಹರೆಯದವರಾಗಿರಲಿ, ಅವರಿಗೆ ಸಂಬಳವಿರಲಿ, ಮತ್ತು ಕಷ್ಟದ ವಾರಗಳಲ್ಲಿ ಅವರಿಗೂ ರಜೆ ಸಿಗುವಷ್ಟು ಜನರಿರಲಿ. ಪೊಲೀಸ್ ಗುಂಡೇಟಿನ ವಿಡಿಯೊವೊಂದು ಹರಿದಾಡುವ ದಿನ ಅದು ಯಾರ ಮುಂದೆಯೂ ತಾನಾಗಿ ತೆರೆದುಕೊಳ್ಳದಂತೆ ಮೊದಲೇ ನಿಯಮ ಮಾಡಿ. ಆತ್ಮಹತ್ಯೆಯ ಯೋಚನೆ ಅಥವಾ ಮಾನಸಿಕ ಬಿಕ್ಕಟ್ಟಿನಲ್ಲಿರುವವರಿಗಾಗಿ ಇರುವ ಅಮೆರಿಕದ 988 ಸಹಾಯವಾಣಿಯ ಸಂಖ್ಯೆಯನ್ನು ಎಲ್ಲರಿಗೂ ಕಾಣುವಲ್ಲಿ ಹಾಕಿ. ಆದರೆ ಸಂಖ್ಯೆ ಹಾಕಿದೆವು, ಕರ್ತವ್ಯ ಮುಗಿಯಿತು ಎಂದುಕೊಳ್ಳಬೇಡಿ.

ನಮ್ಮ ಕನ್ನಡ ಕುಟುಂಬಗಳ ಮಕ್ಕಳೂ ಸೇರಬಹುದಾದ ಗುಂಪು ಇದಾದ್ದರಿಂದ ಇನ್ನೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಬಿಳಿಯರಲ್ಲದವರೆಲ್ಲ ಒಂದೇ ಎಂಬ ಭಾವನೆ ಒಳಗಿನ ಮೇಲುಕೀಳುಗಳನ್ನು ಅಳಿಸುವುದಿಲ್ಲ. ಸಿಯಾಟಲ್ ನಗರವು 2023ರ ಫೆಬ್ರುವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿತು; ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸಕಾಂಗ ಒಪ್ಪಿದ ಇಂಥದೇ ಮಸೂದೆಗೆ ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಅಂಕಿತ ಹಾಕಲಿಲ್ಲ. ಈ ಎರಡೂ ಸಂದರ್ಭಗಳಲ್ಲಿ ಭಾರತೀಯ ಮೂಲದವರು ಇಬ್ಭಾಗವಾಗಿ ವಾದಿಸಿದ್ದರು. ನಿಮ್ಮ ನಿಯಮಾವಳಿಯಲ್ಲಿ ಕಪ್ಪು ಜನರ ಬಗೆಗಿನ ತಾತ್ಸಾರದ ಜೊತೆಗೆ ಜಾತಿಯ ಹೆಸರೂ ಇರಬೇಕು. ಮನೆಯಲ್ಲಿ ಇವೆರಡರ ಬಗ್ಗೆಯೂ ತಂದೆತಾಯಿಯರು ಆಡುವ ಮಾತನ್ನು ಪ್ರಶ್ನಿಸಲು ತಡವರಿಸುವ ಮಗು ಇಲ್ಲಿ ಹೆಸರು ಹೇಳದೆ ಕೇಳಬಹುದಾದ ಏರ್ಪಾಡೂ ಇರಲಿ.

ಹಾರ್ವರ್ಡ್ ವಿಶ್ವವಿದ್ಯಾಲಯದ ರಾಜಕೀಯ ಚಿಂತಕಿ ಡ್ಯಾನಿಯೆಲ್ ಆಲನ್ ಮತ್ತು ಅವರ ಸಂಗಡಿಗರು ಯುವ ಕಾರ್ಯಕರ್ತರಿಗೆಂದು ರೂಪಿಸಿದ ಹತ್ತು ಪ್ರಶ್ನೆಗಳಲ್ಲಿ, ‘ನಾನು ಎಷ್ಟನ್ನು ಹಂಚಿಕೊಳ್ಳಬೇಕು’ ಎಂಬುದೂ ಒಂದು. ಹೊಸಬರು ಬಂದಾಗ ನೀವು ಇದರಿಂದಲೇ ಮಾತು ಶುರು ಮಾಡಬಹುದು. ಹದಿನಾರನೆಯ ವಯಸ್ಸಿನ ಆವೇಶದ ಮಾತು ಇಪ್ಪತ್ತಾರರಲ್ಲಿ ಕೆಲಸದ ಸಂದರ್ಶನಕ್ಕೆ ಅಡ್ಡ ಬರಬಾರದು. ಸದಸ್ಯರು ಕಾಲೇಜಿಗೆಂದು ಊರು ಬಿಡುವಾಗ ಅವರ ಖಾತೆ, ಫೋಟೊ, ಹಳೆಯ ಬರಹಗಳನ್ನು ಯಾರು ಅಳಿಸುತ್ತಾರೆ, ಎಷ್ಟು ದಿನದೊಳಗೆ ಅಳಿಸುತ್ತಾರೆ ಎಂಬುದನ್ನು ಗುಂಪು ಆರಂಭಿಸುವಾಗಲೇ ಬರೆದಿಡಿ.