ನಾಯಿಮರಿಯ ಕ್ರೇಟ್ (ಮರಿಯನ್ನು ಮಲಗಿಸುವ ಸರಳಿನ ಗೂಡು) ಒಳಗೆ ಯಾವ ಹಾಸಿಗೆ, ಯಾವ ಆಟಿಕೆ ಇಡಬಹುದು?

ಎರಡು ತಿಂಗಳ ಮರಿಗೆ ದಪ್ಪ, ಮೆತ್ತನೆ ಹಾಸಿಗೆ ತರಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಪೂರ್ತಿ ಬರುವಷ್ಟರಲ್ಲಿ ಮರಿಗೆ ಆರೇಳು ತಿಂಗಳಾಗುತ್ತದೆ. ಅಲ್ಲಿವರೆಗೆ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಹತ್ತಿ, ಸ್ಪಂಜು ನುಂಗಿ ಅದು ಕರುಳಲ್ಲಿ ಸಿಕ್ಕಿಕೊಂಡರೆ ಆಪರೇಷನ್‌ವರೆಗೂ ಹೋಗಬಹುದು.

ಒಂದೇ ಪದರದ ತೆಳು ಹೊದಿಕೆ ಸಾಕು. ಅಂಚಿನಲ್ಲಿ ನೂಲು ಬಿಟ್ಟಿರಬಾರದು, ಸುಲಭವಾಗಿ ಒಗೆಯುವಂತಿರಬೇಕು, ಯಾಕಂದ್ರೆ ಉಚ್ಚೆ ಹೊಯ್ಯುವುದಂತೂ ಗ್ಯಾರಂಟಿ! ಬೆಳಿಗ್ಗೆ ಮೂಲೆಗಳನ್ನು ಬೆರಳಾಡಿಸಿ ನೋಡಿ. ಒದ್ದೆಯಾಗಿ, ಚೂರು ಹರಿದಿದ್ದರೆ ಮರಿ ಅಗಿಯೋಕೆ ಶುರು ಮಾಡಿದೆ ಅಂತಲೇ ಅರ್ಥ. ಅಂಥ ಮರಿ ಕೆಲವು ವಾರ ಕ್ರೇಟ್ ತಳದ ಬರೀ ಟ್ರೇ ಮೇಲೆ ಮಲಗಿದರೂ ಏನೂ ಆಗುವುದಿಲ್ಲ, ತೀರಾ ಚಳಿ ಇರಬಾರದು ಅಷ್ಟೇ.

ಆಟಿಕೆ ಒಂದೇ ಇರಲಿ. ಪೂರ್ತಿ ಬಾಯೊಳಗೆ ಹೋಗದಷ್ಟು ದೊಡ್ಡದಾದ ರಬ್ಬರಿನದು ಒಳ್ಳೆಯದು. ಉಗುರಿನಿಂದ ಒತ್ತಿ ನೋಡಿ. ಸ್ವಲ್ಪವೂ ತಗ್ಗದಿದ್ದರೆ ಆ ಗಟ್ಟಿಗೆ ಹಲ್ಲೇ ಮುರಿಯಬಹುದು. ಗುಂಡಿ ಕಣ್ಣಿನ ಗೊಂಬೆ, ಒಳಗೆ ಪೀಪಿ ಇರುವುದು, ಹಗ್ಗದ ಆಟಿಕೆ ಇವೆಲ್ಲ ನೀವು ಎದುರಿಗಿದ್ದಾಗ ಮಾತ್ರ. ಹಗ್ಗದ ಎಳೆ ಹೊಟ್ಟೆಗೆ ಹೋದರೆ ಕರುಳನ್ನೇ ಕೊಯ್ಯಬಹುದು.

ರಾತ್ರಿ ಕುಂಯ್ಗುಡುತ್ತಿದ್ದರೆ ತಾಯಿಯ ವಾಸನೆ ಇರುವ ಬಟ್ಟೆಯನ್ನು ಕ್ರೇಟ್ ಹೊರಗೆ, ಹತ್ತಿರದಲ್ಲೇ ಇಡಿ. ಆಟಿಕೆಗಿಂತ ಇದೇ ಜಾಸ್ತಿ ಕೆಲಸ ಮಾಡುತ್ತೆ ಅನ್ನೋದು ನನ್ನ ಅನಿಸಿಕೆ. ಒಳಗೆ ಬಿಡುವಾಗ ಕೊರಳ ಪಟ್ಟಿ ಬಿಚ್ಚಿ, ಸರಳಿಗೆ ಸಿಕ್ಕಿಕೊಂಡೀತು.